ಎರಡು ವರ್ಷ ನನ್ನನ್ನು ತಿದ್ದಿದ ನನ್ನ ಲೈನಿಗೆ

ನಿನ್ನೆಗೆ ನಾನು ನಮ್ಮ ಜೀನ್ಸ್ ಫ್ಯಾಕ್ಟರಿಯಲ್ಲಿ ಫ್ಲೋರ್ ಇನ್‌ಚಾರ್ಜ್ ಆಗಿ ಎರಡು ವರ್ಷ ತುಂಬಿತು. ಸಂಜೆ ಮಷಿನ್‌ಗಳೆಲ್ಲಾ ಆಫ್ ಆದ ಮೇಲೆ ನಮ್ಮ ಹುಡುಗಿಯರು ಕಟಿಂಗ್ ಟೇಬಲ್ ಮೇಲೆ ಪೇಪರ್ ಹಾಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹರಡಿದ್ದರು. ನನಗೆ ಗೊತ್ತೇ ಇರಲಿಲ್ಲ. ಏನಾದರೂ ಮಾತಾಡು ಅಕ್ಕ ಅಂದರು. ಗಂಟಲು ಕಟ್ಟಿತು, ಒಂದು ಮಾತೂ ಬರಲಿಲ್ಲ. ಅದಕ್ಕೇ ರಾತ್ರಿ ಕೂತು ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ. ಓದಿದರೆ ಯಾರು ಯಾರಂತ ನಿಮಗೇ ಗೊತ್ತಾಗುತ್ತದೆ.

ಬಳ್ಳಾರಿಯವರಿಗೆ ಜೀನ್ಸ್ ಬಗ್ಗೆ ನಾನೇನು ಹೇಳಲಿ. ಕೌಲ್ ಬಜಾರ್ ಕಡೆ ಓಣಿ ಓಣಿಯಲ್ಲಿ ಮೋಟಾರಿನ ಸದ್ದು, ಬಾಗಿಲ ಮುಂದೆ ನೀಲಿ ಚಿಂದಿ. ನಾನೂ ಅಂಥದೇ ಓಣಿಯವಳು. 11 ವರ್ಷ ಡಬಲ್ ನೀಡಲ್ ಮಷಿನ್ ಮೇಲೆ ಕೂತಿದ್ದೆ. ಬೆರಳ ತುದಿಯ ನೀಲಿ ಭಾನುವಾರವೂ ಹೋಗುತ್ತಿರಲಿಲ್ಲ. ಚೆನ್ನಾಗಿ ಹೊಲಿಯುತ್ತಾಳೆ ಅಂತಲೇ ನನ್ನನ್ನು ಇನ್‌ಚಾರ್ಜ್ ಮಾಡಿದರು. ಒಂದೇ ದಿನದಲ್ಲಿ ಅರವತ್ತು ಚಿಲ್ಲರೆ ಜನ ನನ್ನ ಕೈಕೆಳಗೆ ಬಂದರು. ಜನರನ್ನು ನೋಡಿಕೊಳ್ಳುವುದು ಬೇರೆಯೇ ಕಸುಬು, ಅದನ್ನೂ ಹೊಲಿಗೆಯ ಹಾಗೆ ಕೂತು ಕಲಿಯಬೇಕು ಅಂತ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಮೊದಲ ಮೂರು ತಿಂಗಳು ನಾನು ಮಾಡಿದ್ದೆಲ್ಲಾ ತಪ್ಪೇ. ದಸರಾ ಮಾಲಿನ ಅವಸರ ಇತ್ತು. ಬಂಡಲ್ ಎಲ್ಲಿ ನಿಂತರೆ ಅಲ್ಲಿ ಹೋಗಿ ಕೂಗುತ್ತಿದ್ದೆ. ಒಂದು ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಲೂರು ಕಡೆಯ ಹುಡುಗಿ, ಇನ್ನೂ ಹತ್ತೊಂಬತ್ತು ವರ್ಷ, ಪ್ಯಾಂಟಿನ ಕಾಲಿನ ತುದಿ ಮಡಿಚಿ ಹೊಲಿಯುವ ಬಾಟಮ್ ಮಷಿನ್ ಮೇಲಿದ್ದಳು. ಕಾಲಿನ ಮಡಿಕೆ ಸೊಟ್ಟ ಬಂದಿತ್ತು. ನಾನು ಆ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಇಡೀ ಲೈನಿಗೆ ತೋರಿಸಿದೆ. ಇದನ್ನು ಯಾರು ಹಾಕಿಕೊಳ್ತಾರೆ ಅಂತ ಕೇಳಿದೆ. ಅವಳು ಏನೂ ಅನ್ನಲಿಲ್ಲ. ದಾರ ಕತ್ತರಿಸುವ ಕಟ್ಟರನ್ನು ಮಷಿನ್ ಮೇಲೆ ಮೆಲ್ಲಗೆ ಇಟ್ಟಳು. ಸ್ವಿಚ್ ಒತ್ತಿದಳು. ಅದು ಹಳೇ ಮೋಟಾರು, ಆಫ್ ಮಾಡಿದರೂ ತಕ್ಷಣ ನಿಲ್ಲುವುದಿಲ್ಲ, ಸದ್ದು ಇಳಿಯುತ್ತಾ ಇಳಿಯುತ್ತಾ ಹೋಗುತ್ತದೆ. ಆ ಸದ್ದು ಪೂರ್ತಿ ನಿಲ್ಲುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಮುಂದಿನ ವಾರ ಇನ್ನೂ ಐದು ಜನ ಬಿಟ್ಟರು. ಅದಕ್ಕೆ ಕಾರಣ ಬೇರೆ. ಸೋಮವಾರ ಬೆಳಗ್ಗೆ ಅವರು ಬರುವಷ್ಟರಲ್ಲಿ ನಾನು ಮಷಿನ್‌ಗಳ ಜಾಗ ಬದಲಿಸಿ, ಹೊಸ ಸ್ಟೈಲ್, ಅಂದರೆ ಹೊಸ ಮಾದರಿಯ ಪ್ಯಾಂಟು, ಲೈನಿಗೆ ಇಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಪೀಸ್ ರೇಟ್ ಮೇಲೆ, ಅಂದರೆ ಹೊಲಿದಷ್ಟು ಪೀಸಿಗೆ ಮಾತ್ರ ಕೂಲಿ ಅಂತ ದುಡಿದವರಿಗೆ ಇದರ ನೋವು ಗೊತ್ತು. ಸ್ಟೈಲ್ ಬದಲಾದರೆ ಮೊದಲ ಮೂರು ನಾಲ್ಕು ದಿನ ಕೈ ಓಡುವುದಿಲ್ಲ. ದಿನಕ್ಕೆ 200 ಪೀಸ್ ದಾಟಿಸುವ ಕೈ 120ಕ್ಕೆ ನಿಲ್ಲುತ್ತದೆ. ಅಷ್ಟೂ ಕೂಲಿ ಕಡಿತ. ಆ ವಾರ ಮಗನ ಫೀಸ್ ಕಟ್ಟಬೇಕಾದವಳು ಏನು ಮಾಡಬೇಕು? 11 ವರ್ಷ ಪೀಸ್ ರೇಟ್ ಮೇಲೇ ದುಡಿದ ನಾನು ಮೂರು ತಿಂಗಳಲ್ಲಿ ಅದನ್ನು ಮರೆತಿದ್ದೆ. ಇಬ್ಬರು ರಾಯದುರ್ಗಕ್ಕೆ ಹೋದರು, ಮೂವರು ಬೆಂಗಳೂರಿಗೆ. ಮಾಲು ತಡವಾಯಿತು. ಮಾಲೀಕರು ಕರೆದು, ಆಗದಿದ್ದರೆ ಹೇಳಿಬಿಡಮ್ಮ ಅಂದರು. ನಾನು ಹಳೇ ಮಷಿನ್‌ಗೆ ವಾಪಸ್ ಹೋಗುತ್ತೇನೆ ಅಂತ ತೀರ್ಮಾನ ಮಾಡಿದ್ದೆ.

ಮೊದಲ ಕೃತಜ್ಞತೆ ಬೆಲ್ಟ್ ಅಕ್ಕನಿಗೆ. ಸೊಂಟದ ಪಟ್ಟಿ ಹೊಲಿಯುವ ಬೆಲ್ಟ್ ಮಷಿನ್ ಮೇಲೆ ಕೂರುವುದರಿಂದ ಎಲ್ಲರ ಬಾಯಲ್ಲೂ ಅದೇ ಹೆಸರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಆ ರಾತ್ರಿ ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತಳು. "ನೀನು ಮಷಿನ್ ಬಿಟ್ಟು ಎದ್ದ ದಿನದಿಂದ ನಮ್ಮ ಕೈ ನೋಡ್ತೀಯ, ನಮ್ಮ ಮುಖ ನೋಡಿಲ್ಲ" ಅಂದಳು. ಬೈಯಲಿಲ್ಲ. ಟೀ ಕುಡಿದು ಎದ್ದು ಹೋದಳು. ಅಕ್ಕ, ಆ ಮಾತನ್ನು ನೀನು ಎಲ್ಲರ ಮುಂದೆ ಹೇಳಬಹುದಿತ್ತು. ನಾನು ಆ ಹುಡುಗಿಗೆ ಮಾಡಿದ್ದನ್ನೇ ನನಗೆ ಮಾಡಬಹುದಿತ್ತು. ನೀನು ಮನೆಯವರೆಗೂ ನಡೆದು ಬಂದೆ.

ಎರಡನೆಯದು ನಮ್ಮ ಸೋದರಮಾವನಿಗೆ. ತೋರಣಗಲ್ಲಿನ ಕಡೆ ಕಾರ್ಖಾನೆಗಳಲ್ಲಿ ಫೋರ್‌ಮನ್ ಆಗಿ ದುಡಿದು ನಿವೃತ್ತರಾದವರು. ನನ್ನ ಕಥೆ ಪೂರ್ತಿ ಕೇಳಿ, ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ನಾಲ್ಕು ಸಾಲು ಬರೆದುಕೊಟ್ಟರು. ಇದು ನನ್ನದಲ್ಲ ಮಗಳೇ, ಎರಡನೇ ಮಹಾಯುದ್ಧದ ಕಾಲದ್ದು ಅಂದರು. 1940ರಲ್ಲಿ ಅಮೆರಿಕದಲ್ಲಿ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ಅಂತಲೇ ಟ್ರೇನಿಂಗ್ ವಿಥಿನ್ ಇಂಡಸ್ಟ್ರಿ ಎಂಬ ತರಬೇತಿ ಶುರುವಾಯಿತಂತೆ. ಕಲಿತ ಗಂಡಸರು ಸೈನ್ಯಕ್ಕೆ ಹೋದಾಗ, ಮಷಿನ್ ಮುಟ್ಟಿಯೇ ಇಲ್ಲದ ಹೆಂಗಸರು ಕಾರ್ಖಾನೆಗೆ ಬಂದರು. ಅವರಿಗೆ ಬೇಗ ಕೆಲಸ ಕಲಿಸಬೇಕಿತ್ತು, ಕಲಿತವರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಬೇಕಿತ್ತು. ಒಂದೊಂದು ಪಾಠ 10 ಗಂಟೆ, ಎರಡೆರಡು ಗಂಟೆಯಂತೆ ಐದು ಸಲ. 1945ರಲ್ಲಿ ಅದು ಮುಗಿಯುವ ಹೊತ್ತಿಗೆ 16 ಲಕ್ಷಕ್ಕೂ ಜಾಸ್ತಿ ಜನ ಕಲಿತಿದ್ದರು. ಯುದ್ಧದ ನಂತರ ಅದೇ ಪಾಠ ಜಪಾನಿಗೆ ಹೋಯಿತು, ಟೊಯೊಟಾದವರೂ ಅದನ್ನು ಹಿಡಿದುಕೊಂಡರು. ಇಷ್ಟು ಹಳೇ ಪಾಠ ನಮ್ಮ ಓಣಿಯ ಫ್ಯಾಕ್ಟರಿಗೆ ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು ಅಂತ ಈಗಲೂ ನನಗೆ ಸಂಕಟವಾಗುತ್ತದೆ.

ಆ ನಾಲ್ಕು ಸಾಲು ಇವು. ಕೆಲಸ ಹೇಗೆ ನಡೆದಿದೆ ಅಂತ ಪ್ರತಿಯೊಬ್ಬರಿಗೂ ಹೇಳು. ಒಳ್ಳೆಯದು ಮಾಡಿದಾಗ ಆಗಲೇ ಮೆಚ್ಚಿಕೋ. ಅವರಿಗೆ ತಟ್ಟುವ ಬದಲಾವಣೆ ಏನಿದ್ದರೂ ಮೊದಲೇ ಹೇಳು. ಒಬ್ಬೊಬ್ಬರ ಕೈಯಲ್ಲಿ ಏನಿದೆ ನೋಡಿ ಅದಕ್ಕೆ ತಕ್ಕ ಕೆಲಸ ಕೊಡು. ಹಾಳೆ ನನ್ನ ಡಬ್ಬಿಯ ಮುಚ್ಚಳದ ಒಳಗೆ ಅಂಟಿದೆ, ಊಟಕ್ಕೆ ತೆರೆದಾಗಲೆಲ್ಲಾ ಕಾಣುತ್ತದೆ.

ಮೂರನೇ ಸಾಲು ಓದಿದಾಗ ಕೈ ನಡುಗಿತ್ತು. ಐದು ಜನ ಹೋದದ್ದು ಆ ಒಂದು ಸಾಲಿಗೆ.

ಕಟಿಂಗ್ ಮಾಸ್ಟರ್ ಭಾಯ್, ನಿಮಗೆ. ಮಾರನೇ ದಿನ ನಿಮ್ಮ ಹತ್ತಿರ ಬಂದು, ಹೊಸ ಸ್ಟೈಲ್ ಬಂದ ತಕ್ಷಣ ನನಗೆ ಒಂದು ಸ್ಯಾಂಪಲ್ ಬೇಕು ಅಂದೆ. ಯಾಕೆ ಅಂತ ಕೇಳದೆ ಕೊಟ್ಟಿರಿ. ಅಂದಿನಿಂದ ಸ್ಯಾಂಪಲ್ ಕನಿಷ್ಠ ಎರಡು ದಿನ ಮೊದಲೇ ನೀರಿನ ಡ್ರಮ್ಮಿನ ಪಕ್ಕದ ಮೊಳೆಗೆ ನೇತಾಡುತ್ತದೆ. ನೀರು ಕುಡಿಯಲು ಬಂದವರು ಮುಟ್ಟಿ, ತಿರುಗಿಸಿ, ಒಳಗಿನ ಹೊಲಿಗೆ ನೋಡುತ್ತಾರೆ. ಮೊದಲು ನಾನು ಬರೀ ಕನ್ನಡದಲ್ಲಿ ಚೀಟಿ ಅಂಟಿಸಿದ್ದೆ. ನಮ್ಮಲ್ಲಿ ಅರ್ಧ ಜನರದು ತೆಲುಗು, ಉರ್ದು. ಚೀಟಿ ಸುಮ್ನೆ ಗೋಡೆಗೆ ಅಂಟಿಕೊಂಡಿತ್ತು ಅಷ್ಟೇ. ಅದನ್ನು ಹೇಳಿದ್ದು ಗುಂಡಿಯ ತೂತು ಹೊಲಿಯುವ ಕಾಜಾ ಮಷಿನ್ ತಂಗಿ. ಈಗ ಅವಳೇ ಬೆಳಗ್ಗೆ ಐದು ನಿಮಿಷ ನಿಂತು ಮೂರೂ ಭಾಷೆಯಲ್ಲಿ ಹೇಳುತ್ತಾಳೆ. ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಮಾಲೀಕರಿಗೂ ಮನಸಾರೆ ಧನ್ಯವಾದ. ಸ್ಟೈಲ್ ಬದಲಾದ ಮೊದಲ ಮೂರು ದಿನ ಪೀಸ್ ಕಡಿಮೆಯಾದರೂ, ಹಿಂದಿನ ವಾರದ ಸರಾಸರಿ ಕೂಲಿ ಕೊಡಿ ಅಂತ ಕೇಳಿದೆ. ಮೊದಲ ಸಲ ಆಗಲ್ಲ ಅಂದರು. ಆಗ ನಾನು ಲೆಕ್ಕದ ಪುಸ್ತಕ ತೆಗೆದುಕೊಂಡು ಹೋದೆ. ಬಿಟ್ಟು ಹೋದ ಐದು ಜನರ ಜಾಗಕ್ಕೆ ಹೊಸಬರು ಬಂದು ಕೈ ಕೂರಲು ಎಷ್ಟು ದಿನ ಹಿಡಿಯಿತು, ಅಷ್ಟರಲ್ಲಿ ಎಷ್ಟು ಪೀಸ್ ರಿಪೇರಿಗೆ ಬಂತು, ಸಾಲು ಸಾಲಾಗಿ ತೋರಿಸಿದೆ. ಪೂರ್ತಿ ನೋಡಿ ಪುಸ್ತಕ ಮುಚ್ಚಿ, ಮಾಡೋಣ ಅಂದರು. ಜನರ ಪರ ಮಾತಾಡುವಾಗ ಬರೀ ಕರುಣೆ ಇಟ್ಟುಕೊಂಡು ಹೋಗಬಾರದು, ಲೆಕ್ಕವನ್ನೂ ಒಯ್ಯಬೇಕು. ಇದನ್ನು ನಾನು ಆ ಕೋಣೆಯಲ್ಲಿ ಕಲಿತೆ.

ಈಗ ಆ ಹುಡುಗಿಯ ವಿಷಯ. ಹದಿನೈದು ದಿನ ಬಿಟ್ಟು ಬೆಲ್ಟ್ ಅಕ್ಕನ ಜೊತೆ ಅವಳ ರೂಮಿಗೆ ಹೋದೆ. ತಪ್ಪು ನನ್ನದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಕ್ಕ ನನಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಂದಳು. ನಿಜ. ಕಾಲು ಮಡಿಚುವಾಗ ಸೈಡ್ ಸೀಮ್, ಅಂದರೆ ಪಕ್ಕದ ಜೋಡಣೆಯ ಹೊಲಿಗೆ, ಬರುವ ಕಡೆ ಬಟ್ಟೆ ಪದರದ ಮೇಲೆ ಪದರವಾಗಿ ಗುಡ್ಡೆಯಾಗುತ್ತದೆ. ಅಲ್ಲಿ ಪೂರ್ತಿ ಪೆಡಲ್ ಒತ್ತಿದರೆ ಸೂಜಿ ಬಾಗುತ್ತದೆ ಇಲ್ಲವೇ ಮುರಿಯುತ್ತದೆ, ಹೊಲಿಗೆ ಪಕ್ಕಕ್ಕೆ ಜಾರುತ್ತದೆ. ಗುಡ್ಡೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಬೇಕು. ಪೆಡಲ್ ಸಡಿಲ ಬಿಟ್ಟು, ಚಕ್ರ ಕೈಯಲ್ಲಿ ತಿರುಗಿಸಿ ಎರಡು ಮೂರು ಹೊಲಿಗೆ ದಾಟಿಸಬೇಕು. ನನಗೆ ಇದು ಉಸಿರಾಟದ ಹಾಗೆ, ಅದಕ್ಕೇ ಹೇಳಬೇಕು ಅಂತಲೇ ಅನಿಸಿರಲಿಲ್ಲ. ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ, ಇದೂ ಆ ತರಬೇತಿಯದೇ ಮಾತು ಅಂತ ಮಾವ ಆಮೇಲೆ ಹೇಳಿದರು.

ಅವಳು ವಾಪಸ್ ಬಂದಳು. ನಾನು ಪಕ್ಕ ಕೂತು ಮೊದಲು ಸುಮ್ನೆ ಹೊಲಿದು ತೋರಿಸಿದೆ. ಆಮೇಲೆ ಒಂದೊಂದೇ ಹೆಜ್ಜೆ ಹೇಳುತ್ತಾ ತೋರಿಸಿದೆ. ಮೂರನೇ ಸಲ ಅವಳು ಹೊಲಿಯುತ್ತಾ ನನಗೆ ಹೇಳಿದಳು, ಯಾಕೆ ಹೀಗೆ ಅನ್ನುವುದನ್ನೂ ಸೇರಿಸಿ. ಗುಡ್ಡೆ ದಾಟಿದಾಗ ಚಕ್ರದ ಮೇಲಿನ ಕೈ ತೆಗೆದು ನನ್ನ ಮುಖ ನೋಡಿದಳು. ತಂಗಿ, ನೀನು ನನಗೆ ಎರಡನೇ ಅವಕಾಶ ಕೊಟ್ಟೆ. ನಿನ್ನ ಋಣ ದೊಡ್ಡದು.

ಮೆಕ್ಯಾನಿಕ್ ಅಣ್ಣನಿಗೆ, ಬೇಸಿಗೆಯಲ್ಲಿ ತಗಡಿನ ಕೆಳಗೆ ಬೆವರು ಒರೆಸಿಕೊಂಡು ಫ್ಯಾನ್‌ಗಳ ಜಾಗ ಬದಲಿಸಿದ್ದಕ್ಕೆ. ತಡವಾದ ದಿನ ಮಕ್ಕಳಿಗೆ ಊಟ ಹಾಕಿದ ನಮ್ಮ ಅತ್ತೆಗೆ. ರಾಯದುರ್ಗಕ್ಕೆ ಹೋಗಿ ಮತ್ತೆ ಬಂದ ಇಬ್ಬರಿಗೆ, ಬಾರದ ಮೂವರಿಗೂ. ಬೆಂಗಳೂರಿನಲ್ಲಿ ನೀವು ಇದನ್ನು ಓದಿದರೆ, ನನ್ನಿಂದ ತಪ್ಪಾಗಿದೆ, ಕ್ಷಮಿಸಿ.

ಎರಡು ಸುದ್ದಿ ಇದರಲ್ಲೇ ಹೇಳಿಬಿಡುತ್ತೇನೆ. ಬಾಟಮ್‌ನಿಂದ ಫಿನಿಶಿಂಗ್‌ವರೆಗಿನ ಅರ್ಧ ಲೈನನ್ನು ಮುಂದಿನ ತಿಂಗಳಿನಿಂದ ಆಲೂರಿನ ತಂಗಿಯೇ ನೋಡಿಕೊಳ್ಳುತ್ತಾಳೆ. ಯಾರಿಗಾದರೂ ಏನಾದರೂ ಹೇಳಬೇಕಿದ್ದರೆ ಈ ವಾರವೇ ನನ್ನ ಹತ್ತಿರ ಬಂದು ಹೇಳಿ. ಇನ್ನೊಂದು, ಗುರುವಾರದಿಂದ ಹೊಸ ಸ್ಟೈಲ್. ಹಿಂದಿನ ಜೇಬಿನ ಮೇಲೆ ಎರಡು ಸಾಲು ಹೊಲಿಗೆ ಜಾಸ್ತಿ ಇದೆ, ಮೂಲೆಯಲ್ಲಿ ತಿರುವು ಸ್ವಲ್ಪ ಕಷ್ಟ. ಸ್ಯಾಂಪಲ್ ನಾಳೆ ಬೆಳಗ್ಗೆ ಡ್ರಮ್ಮಿನ ಪಕ್ಕದ ಮೊಳೆಗೆ ಹಾಕಿರುತ್ತೇನೆ. ಎಲ್ಲರೂ ನೋಡಿಕೊಳ್ಳಿ.