ಡಬ್ಬಿ ಇಡುವ ಮುನ್ನ ಊರನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಮಾಗಿಯ ಒಂದು ಭಾನುವಾರ ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳೊಂದಿಗೆ ನಮ್ಮ ಜಿಲ್ಲೆಯದೇ ಒಂದು ಗುಡ್ಡದ ತಪ್ಪಲಿನಲ್ಲಿ, ಪಾಳುಗುಡಿಯ ಹಿಂದಿನ ಬಂಡೆಗಳ ಸಂದಿಯಲ್ಲಿ, ಮೊಬೈಲ್ ಹಿಡಿದು ಹುಡುಕಾಡುತ್ತಿದ್ದಾಗ ಊರಿನ ಏಳೆಂಟು ಮಂದಿ ಬಂದು ನಮ್ಮನ್ನು ಸುತ್ತುವರಿದರು. ನಾವು ಹುಡುಕುತ್ತಿದ್ದುದು ಜಿಯೋಕ್ಯಾಶಿಂಗ್, ಎಂದರೆ ಅಕ್ಷಾಂಶ ರೇಖಾಂಶ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಆಟದ ಹವ್ಯಾಸಿಯೊಬ್ಬರು ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು. ಅವರು ತಿಳಿದದ್ದು ನಾವು ನಿಧಿಗಳ್ಳರೆಂದು. ಅವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಆ ಗುಡಿಯ ಮುಂದೆ ನಿಂತಿದ್ದ ವೀರಗಲ್ಲನ್ನು ಎರಡು ವರ್ಷದ ಹಿಂದೆ ಯಾರೋ ರಾತ್ರೋರಾತ್ರಿ ಬುಡಸಮೇತ ಅಗೆದು ಉರುಳಿಸಿ ಹೋಗಿದ್ದರಂತೆ. ಗುಂಡಿ ಇನ್ನೂ ಮುಚ್ಚಿರಲಿಲ್ಲ. ಅಂಥ ಗುಂಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಅಪರಿಚಿತರಿಬ್ಬರು ಬಗ್ಗಿ ಕಲ್ಲು ಸರಿಸುತ್ತಿದ್ದರೆ ಊರಿನವರು ಇನ್ನೇನು ತಾನೆ ಎಣಿಸಬೇಕು?

ಕೊನೆಗೆ ಅವರೆದುರಿಗೇ ಡಬ್ಬಿ ಸಿಕ್ಕಿತು. ಒಳಗೆ ಒಂದು ಸಣ್ಣ ಪುಸ್ತಕ, ಪೆನ್ಸಿಲ್, ನಾಲ್ಕು ಗೋಲಿ, ಒಂದು ಕೀಚೈನು ಇದ್ದವು. ಡಬ್ಬಿಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಪುಸ್ತಕದ ಹಾಳೆ ತಿರುವಿ ನೋಡಿ, “ಇಟ್ಟೋರು ಒಂದು ಮಾತು ನಮ್ಮನ್ನ ಕೇಳಿದ್ದಿದ್ರೆ ನಾವೇ ಇದನ್ನ ಕಾಯ್ತಿದ್ವಲ್ಲ ಸ್ವಾಮಿ” ಎಂದರು. ಆ ಮಾತು ನನ್ನನ್ನು ಬಿಟ್ಟಿಲ್ಲ. ಈ ಪತ್ರ ಬರೆಯುತ್ತಿರುವುದೂ ಅದಕ್ಕಾಗಿಯೇ.

ಈ ಹವ್ಯಾಸವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಅಮೆರಿಕ ಉಪಗ್ರಹಗಳಿಂದ ಸ್ಥಾನ ತಿಳಿಸುವ ತನ್ನ ಜಿಪಿಎಸ್ ಸಂಕೇತದಲ್ಲಿ ನಾಗರಿಕ ಬಳಕೆದಾರರಿಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಮೊದಲಲ್ಲಿ ತೆಗೆದುಹಾಕಿತು. ಅಲ್ಲಿಯವರೆಗೆ ನೂರು ಮೀಟರ್‌ವರೆಗೂ ಏರುಪೇರಾಗುತ್ತಿದ್ದ ಸ್ಥಾನದ ಗುರುತು ಒಂದೇ ರಾತ್ರಿಯಲ್ಲಿ ಕೆಲವೇ ಮೀಟರ್‌ಗಳಿಗೆ ಇಳಿಯಿತು. ಅದನ್ನು ಪರೀಕ್ಷಿಸಿ ನೋಡಲೆಂದು ಡೇವ್ ಉಲ್ಮರ್ ಎಂಬವರು ಮೇ 3ರಂದು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಅದನ್ನು ಹುಡುಕಿದವರೂ ಬಂದರು. ಅದೇ ಇಂದು ಲೋಕದಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳ ಆಟವಾಗಿದೆ. ಡಬ್ಬಿ ಸಿಕ್ಕವರು ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಮತ್ತೆ ಇಟ್ಟು ಬರಬೇಕು. ಒಳಗಿನಿಂದ ಒಂದು ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಇದಕ್ಕೂ ಹಿಂದಿನ ಬೇರು ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿದೆ. ಅಲ್ಲಿ 1854ರಲ್ಲಿ ಮಾರ್ಗದರ್ಶಿಯೊಬ್ಬರು ಕ್ರ್ಯಾನ್‌ಮಿಯರ್ ಮಡುವಿನ ಬಳಿ ಸೀಸೆಯೊಂದನ್ನಿಟ್ಟು, ನಡೆದು ಬಂದವರು ತಮ್ಮ ಚೀಟಿ ಹಾಕಿ ಹೋಗುವ ರೂಢಿ ಹಾಕಿದ್ದರು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಾಲ್ಲೂಕು ಭೂಮಾಪಕನಾಗಿದ್ದವನು. ಕೆಲಸಕ್ಕೆ ಸೇರಿದಾಗ ಕೈಯಲ್ಲಿದ್ದುದು ಆಣೆಯೆಂಬ ಹದಿನಾರು ಭಾಗಗಳಿರುವ, 33 ಅಡಿ ಉದ್ದದ ಸರಪಳಿ. ಆ ಸರಪಳಿಯ ಚೌಕವೇ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಹದ್ದುಬಸ್ತಿಗೆ, ಎಂದರೆ ಹೊಲದ ಎಲ್ಲೆ ಗುರುತಿಸಲು, ಹೋದಾಗ ಹಳೆಯ ಅಳತೆಯ ದಾಖಲೆಯಾದ ಟಿಪ್ಪಣಿಯ ಹಾಳೆ ಹಿಡಿದು, ಮುಳ್ಳುಬೇಲಿಯ ಬುಡದಲ್ಲಿ ಹೂತುಹೋದ ಬಾಂದುಕಲ್ಲನ್ನು ಹುಡುಕಿ ತೆಗೆದಾಗ ಆಗುತ್ತಿದ್ದ ಸಂತೋಷವೇ ಮೊದಲ ಡಬ್ಬಿ ಸಿಕ್ಕಾಗಲೂ ಆಯಿತು. ನಿವೃತ್ತಿಯ ನಂತರ ಈ ಹವ್ಯಾಸ ನನ್ನನ್ನು ಮತ್ತೆ ಗುಡ್ಡ ಹತ್ತಿಸಿತು. ಮೊಮ್ಮಗಳಿಗೆ ಅಕ್ಷಾಂಶ ರೇಖಾಂಶಗಳು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿದ್ದವು. ಈಗ ಅವು ಅವಳು ಕಾಲಿಂದ ನಡೆದು ತಲುಪಿದ ಜಾಗಗಳಾಗಿವೆ. ಪೂರ್ಣಾಂಕದ ಅಕ್ಷಾಂಶವೂ ಪೂರ್ಣಾಂಕದ ರೇಖಾಂಶವೂ ಕೂಡುವ ಬಿಂದುಗಳಿಗೆ ಭೇಟಿ ಕೊಟ್ಟು ಚಿತ್ರ ತೆಗೆಯುವ ಇನ್ನೊಂದು ಹವ್ಯಾಸವೂ 1996ರಿಂದ ನಡೆದುಬಂದಿದೆ. 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ ಕೂಡುವುದು ನಮ್ಮ ಕುಣಿಗಲ್ ಪಟ್ಟಣದಿಂದ ಸುಮಾರು ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿ. 15 ಮತ್ತು 75 ಕೂಡುವುದು ಮುಂಡಗೋಡದ ಪಕ್ಕದಲ್ಲಿ. 13 ಮತ್ತು 75 ಕೂಡುವುದು ಮೂಡುಬಿದಿರೆಯ ದಕ್ಷಿಣಕ್ಕೆ. ಅಲ್ಲಿ ಡಬ್ಬಿಯೂ ಬೇಡ, ಕಲ್ಲೂ ಬೇಡ. ಹೊಲದ ಯಜಮಾನರನ್ನು ಕೇಳಿ ಹೋಗಿ ನಿಂತು ಬಂದರೆ ಸಾಕು.

ಹೀಗಿರುವಾಗ ಈ ಹವ್ಯಾಸವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ಆಡುವವರು ಇಲ್ಲಿನ ನೆಲದ ನೆನಪನ್ನು ತಿಳಿದು ಆಡಬೇಕು. ನಮ್ಮ ನಾಡಿನಲ್ಲಿ “ಬಚ್ಚಿಟ್ಟದ್ದು” ಎಂಬ ಮಾತಿಗೆ ಬೇರೆಯೇ ಭಾರವಿದೆ. ದಾನಶಾಸನಗಳು ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು (ಎಂಟು ಬಗೆಯ ಹಕ್ಕುಗಳನ್ನು) ಎಣಿಸುತ್ತವೆ. ಎಂದರೆ ನೆಲದೊಳಗೆ ಇರಬಹುದಾದ ಸಂಪತ್ತು ನೂರಾರು ವರ್ಷಗಳಿಂದ ನಮ್ಮ ದಾಖಲೆಯ ಭಾಷೆಯಲ್ಲಿಯೇ ಸೇರಿಕೊಂಡಿದೆ. ಆ ನಂಬಿಕೆಯ ವಿಕಾರರೂಪವೇ ನಿಧಿಗಳ್ಳತನ. ವೀರಗಲ್ಲಿನ ಕೆಳಗೆ, ನಂದಿಯ ಹೊಟ್ಟೆಯಲ್ಲಿ, ಲಿಂಗದ ಪೀಠದಡಿಯಲ್ಲಿ ಹೊನ್ನಿದೆಯೆಂದು ನಂಬಿ ಒಡೆದು ಹಾಕಿದ ಶಿಲ್ಪಗಳನ್ನು ನಾನು ಸರ್ವೆಗೆ ಹೋದ ಎಷ್ಟೋ ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಹೊನ್ನು ಸಿಕ್ಕ ಸುದ್ದಿ ಕೇಳಿಲ್ಲ. ಮುರಿದ ಕಲ್ಲನ್ನು ಮಾತ್ರ ಕಂಡಿದ್ದೇನೆ.

ವಿಪರ್ಯಾಸವೆಂದರೆ ಆಟದ ಅಧಿಕೃತ ನಿಯಮಗಳೇ ಈ ಎಚ್ಚರವನ್ನು ಬೋಧಿಸುತ್ತವೆ. ಉಲ್ಮರ್ ಅವರ ಮೊದಲ ಬಕೆಟ್ಟು ಅರ್ಧ ನೆಲದಲ್ಲಿ ಹೂತಿತ್ತು; ಆದರೆ ಆಮೇಲೆ ಬಂದ ನಿಯಮ ಜಾಗದ ಒಡೆಯರ ಸ್ಪಷ್ಟ ಅನುಮತಿಯಿಲ್ಲದೆ ನೆಲ ಅಗೆಯುವುದನ್ನು ನಿಷೇಧಿಸಿತು. ಜಾಗದ ಒಡೆಯರ ಒಪ್ಪಿಗೆ ಬೇಕು, ಒಂದು ಡಬ್ಬಿಗೂ ಇನ್ನೊಂದಕ್ಕೂ 161 ಮೀಟರ್ ಅಂತರವಿರಬೇಕು, ತಿಂಡಿಯನ್ನೂ ಸ್ಫೋಟಕವನ್ನೂ ಇಡಕೂಡದು, ಇಟ್ಟವರು ಕಾಲಕಾಲಕ್ಕೆ ಬಂದು ನೋಡಿಕೊಳ್ಳಬೇಕು ಎಂದೆಲ್ಲ ಅಲ್ಲಿ ಬರೆದಿದೆ. ಸಂಶಯದ ತೊಂದರೆ ನಮ್ಮಲ್ಲಿಗಷ್ಟೇ ಸೀಮಿತವೂ ಅಲ್ಲ. ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಇಂಥದೇ ಪುಟ್ಟ ಡಬ್ಬಿಯೊಂದನ್ನು ಬಾಂಬೆಂದು ತಿಳಿದು ಸೇನೆಯ ತಂಡ ಸ್ಫೋಟಿಸಿ ಹಾಕಿತು. ಆದರೆ “ಒಡೆಯರ ಒಪ್ಪಿಗೆ” ಎಂಬ ನಿಯಮ ನಮ್ಮಲ್ಲಿಗೆ ಬರುವಷ್ಟರಲ್ಲಿ ತೆಳುವಾಗಿಬಿಡುತ್ತದೆ. ಗೋಮಾಳ, ಗುಂಡುತೋಪು, ಕೆರೆಯಂಗಳ, ಪಾಳುಗುಡಿ ಇವುಗಳಿಗೆ ಪಹಣಿಯಲ್ಲಿ ಒಬ್ಬ ರೈತನ ಹೆಸರು ಕಾಣದಿದ್ದಾಗ ನಗರದಿಂದ ಬಂದ ಹುಡುಗರು ಅದು ಯಾರದೂ ಅಲ್ಲದ ಜಾಗವೆಂದು ತಿಳಿಯುತ್ತಾರೆ. ಹಳ್ಳಿಯಲ್ಲಿ ಯಾರದೂ ಅಲ್ಲದ ಜಾಗವೇ ಇಲ್ಲ. ದನ ಮೇಯಿಸುವವರು, ವರ್ಷಕ್ಕೊಮ್ಮೆ ಬಂದು ದೀಪ ಹಚ್ಚುವ ಒಕ್ಕಲಿನವರು, ಹುಣಿಸೆ ಗುತ್ತಿಗೆ ಹಿಡಿದವರು, ಹೀಗೆ ಪ್ರತಿಯೊಂದು ತೋಪಿಗೂ ಕಾವಲಿನ ಕಣ್ಣುಗಳಿವೆ.

ಆದ್ದರಿಂದ ಜಿಯೋಕ್ಯಾಶಿಂಗ್ ಗೆಳೆಯರಲ್ಲಿ ನನ್ನ ಮೊದಲ ಕೋರಿಕೆ ಇಷ್ಟು. ಡಬ್ಬಿ ಇಡುವ ಮೊದಲು ಗ್ರಾಮ ಪಂಚಾಯಿತಿಗೆ ಒಂದು ಪತ್ರ ಕೊಡಿ, ಊರಿನ ನಾಲ್ಕು ಜನಕ್ಕೆ ತೋರಿಸಿ, ಡಬ್ಬಿಯ ಮೇಲೂ ಒಳಗೂ ಇದೇನೆಂಬುದನ್ನು ಕನ್ನಡದಲ್ಲಿ ಬರೆಯಿರಿ. ಆ ಹಿರಿಯರ ಮಾತನ್ನು ನಾನು ಆ ಡಬ್ಬಿ ಇಟ್ಟವರಿಗೆ ತಿಳಿಸಿದಾಗ ಅವರು ಬೇಸರಿಸದೆ ಬಂದು, ಅದನ್ನು ಗುಡಿಯ ಹಿಂದಿನಿಂದ ತೆಗೆದು, ಊರಿನವರೇ ತೋರಿಸಿದ ಕೆರೆಯೇರಿಯ ಆಲದ ಮರದ ಬಳಿ ಇಟ್ಟರು. ಹೋದ ತಿಂಗಳು ನಾನು ನೋಡಿದಾಗ ಪುಸ್ತಕದಲ್ಲಿ ಆ ಊರಿನ ಶಾಲೆಯ ಮಕ್ಕಳ ಹೆಸರುಗಳೇ ಎರಡು ಪುಟ ತುಂಬಿದ್ದವು.

ರಕ್ಷಿತ ಸ್ಮಾರಕ, ದೇವಸ್ಥಾನ, ಕಾಡು ಇವುಗಳ ವಿಷಯದಲ್ಲಂತೂ ಡಬ್ಬಿಯೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿಯಲ್ಲಿ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಬಂಡೆಯ ಸಂದಿಗೆ ಕೈಹಾಕುವುದು ಹಾವಿಗೂ ಅಪಾಯ, ಮನುಷ್ಯನಿಗೂ ಅಪಾಯ. ಡಬ್ಬಿಯಿಲ್ಲದೆಯೂ ಈ ಆಟ ಸೊಗಸಾಗಿಯೇ ಇದೆ. ಒಂದು ಶಿಲಾರಚನೆಯ ಮುಂದೆ ನಿಂತು ಅದರ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ “ಅರ್ಥ್‌ಕ್ಯಾಶ್” ಎಂಬ ಬಗೆಯಲ್ಲಿ ಬಚ್ಚಿಡುವ ವಸ್ತುವೇ ಇರುವುದಿಲ್ಲ. ಲಾಲ್‌ಬಾಗ್‌ನ ಬಂಡೆಯಂಥದು ಇರುವ ನಾಡಿಗೆ ಅದಕ್ಕಿಂತ ಒಪ್ಪುವ ಬಗೆ ಇನ್ನೊಂದಿಲ್ಲ.

ಗುರುತು ಇಡುವುದಕ್ಕಿಂತ ಹಿಂದಿನವರು ಇಟ್ಟ ಗುರುತನ್ನು ಹುಡುಕುವುದು ನನಗೆ ಹೆಚ್ಚಿನ ಕೆಲಸವೆನಿಸುತ್ತದೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು, ಅಲ್ಲಿಂದ ನಮ್ಮ ಬೆಟ್ಟಗಳ ನೆತ್ತಿಯಿಂದ ನೆತ್ತಿಗೆ ತ್ರಿಕೋನ ಹೆಣೆಯುತ್ತ ಮಂಗಳೂರಿನ ಕಡಲತೀರದವರೆಗೆ ಬಂದಾಗ, ಪರ್ಯಾಯ ದ್ವೀಪದ ಅಗಲ ಅಲ್ಲಿಯವರೆಗಿನ ನಕ್ಷೆಗಳು ತೋರಿಸುತ್ತಿದ್ದುದಕ್ಕಿಂತ ಸುಮಾರು ನಲವತ್ತು ಮೈಲಿ ಕಡಿಮೆಯೆಂದು ತಿಳಿಯಿತು. ಆ ಮಹಾ ತ್ರಿಕೋನಮಿತಿ ಸರ್ವೆಯ ಒಂದು ಪುಟ್ಟ ಕಟ್ಟಡ ಇಂದಿಗೂ ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ಇದೆ. ದಿನವೂ ಅದರ ಪಕ್ಕದಲ್ಲಿ ಹೋಗುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಗೊತ್ತು? ಹಳೆಯ ರೈಲು ನಿಲ್ದಾಣಗಳಲ್ಲಿ, ಸರ್ಕಾರಿ ಕಟ್ಟಡಗಳ ಮೆಟ್ಟಿಲ ಬಳಿ “ಜಿ.ಟಿ.ಎಸ್. ಬಿ.ಎಂ.” (ಆ ಸರ್ವೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಮತ್ತು ಬೆಂಚ್ ಮಾರ್ಕ್) ಎಂದು ಕೆತ್ತಿದ, ಎತ್ತರದ ಮಟ್ಟ ತೋರಿಸುವ ಕಲ್ಲುಗಳು ನವೀಕರಣದ ಟೈಲ್ಸ್ ಕೆಳಗೆ ಮುಚ್ಚಿಹೋಗುತ್ತಿವೆ. ಇನ್ನೂ ಹಿಂದಕ್ಕೆ ಹೋದರೆ ದಾನ ಕೊಟ್ಟ ಭೂಮಿಯ ಎಲ್ಲೆ ತೋರಿಸಲು ನೆಟ್ಟ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳಿವೆ. ಶಾಸನದ ಚತುಸ್ಸೀಮೆಯ, ಎಂದರೆ ನಾಲ್ಕು ದಿಕ್ಕಿನ ಎಲ್ಲೆ ಹೇಳುವ, ಭಾಗವನ್ನು ಓದಿ ನೋಡಿ. ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಹುಣಿಸೆ, ಅಲ್ಲಿ ನೆಟ್ಟ ಕಲ್ಲು ಎಂದು ಅದು ಹೇಳಿಕೊಂಡು ಹೋಗುವ ಕ್ರಮ ಡಬ್ಬಿ ಹುಡುಕಲು ಕೊಡುವ ಸುಳಿವಿನ ಹಾಗೆಯೇ ಇರುತ್ತದೆ. ಹಳ್ಳ ಉಳಿದಿದ್ದರೆ ಇಂದಿಗೂ ಅದನ್ನು ಹಿಡಿದು ನಡೆಯಬಹುದು.

ಇಲ್ಲಿಗೆ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆಗೆ ಬರುತ್ತೇನೆ. ಇಂಥ ಕಲ್ಲುಗಳನ್ನು ಕಂಡಾಗ ಅವುಗಳ ನಿಖರ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆ? ನಿಖರವಾಗಿ ಗುರುತಿಸದಿದ್ದರೆ ರಸ್ತೆ ಅಗಲಿಸುವ ಜೆಸಿಬಿಗೆ ಕಲ್ಲು ಬಲಿಯಾಗುತ್ತದೆ. ಗುರುತಿಸಿ ಪ್ರಕಟಿಸಿದರೆ ನಿಧಿಗಳ್ಳನಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ಎರಡೂ ಕಡೆ ಸತ್ಯವಿದೆ. ಬೆಂಗಳೂರಿನಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ತಂಡವೂ ಆಸಕ್ತ ನಾಗರಿಕರೂ ಶಾಸನಗಳ ಸ್ಥಳ ಗುರುತಿಸಿ, ತ್ರಿಆಯಾಮದ ಸ್ಕ್ಯಾನ್ ಮಾಡಿ, ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿಗೆ ಸ್ಥಳೀಯರೂ ಸೇರಿ ಮಂಟಪ ಕಟ್ಟಿದರು. ಜನವಸತಿಯ ನಡುವೆ, ಸುತ್ತಲಿನವರಿಗೆ ಅದರ ಬೆಲೆ ತಿಳಿದಿರುವಾಗ, ಪ್ರಕಟಣೆಯೇ ರಕ್ಷಣೆ. ಆದರೆ ಹತ್ತಿರದ ಮನೆಗೂ ಎರಡು ಕಿಲೋಮೀಟರ್ ಇರುವ ಗುಡ್ಡದ ಮೇಲಿನ ಒಂಟಿ ಕಲ್ಲಿಗೆ ಅದೇ ಮಾತು ಸಲ್ಲದು. ಅಂಥಲ್ಲಿ ನಿಖರ ಸ್ಥಾನವನ್ನು ಪುರಾತತ್ವ ಇಲಾಖೆಗೂ ಪಂಚಾಯಿತಿಗೂ ಕೊಟ್ಟು, ಸಾರ್ವಜನಿಕ ನಕ್ಷೆಯಲ್ಲಿ ಊರಿನ ಹೆಸರಷ್ಟಕ್ಕೇ ನಿಲ್ಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹದ್ದಿನ ಗೂಡು, ಅಪರೂಪದ ಸೀತಾಳೆ ಹೂವು, ಕಪ್ಪೆಗಳಿರುವ ತೊರೆ, ಇವುಗಳಿಗೂ ಇದೇ ನಿಯಮ ಸಲ್ಲುತ್ತದೆ. ಸಾಮಾನ್ಯ ಮೊಬೈಲ್ ಕೂಡ ಬಯಲಿನಲ್ಲಿ ಐದು ಮೀಟರ್ ಆಸುಪಾಸಿನ ನಿಖರತೆ ಕೊಡುವ ಈ ಕಾಲದಲ್ಲಿ ಒಂದು ಚಿತ್ರದೊಳಗೆ ಅಡಗಿದ ಸ್ಥಾನದ ಮಾಹಿತಿಯೇ ಸಾಕು, ಕಳ್ಳ ನೇರವಾಗಿ ಬಂದು ನಿಲ್ಲಲು.

ಇಲಾಖೆಗಳಿಗೂ ಒಂದು ಮಾತು. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ನಂತರ ಭಾರತೀಯರು ನಕ್ಷೆ ಮಾಡಲು, ಸ್ಥಳದ ಮಾಹಿತಿ ಸಂಗ್ರಹಿಸಲು ಮೊದಲಿನಂತೆ ಪೂರ್ವಾನುಮತಿ ಪಡೆಯಬೇಕಿಲ್ಲ. ನಿರ್ಬಂಧವಿರುವುದು ಸೂಕ್ಷ್ಮ ಸ್ಥಳಗಳಿಗೆ. ಜಿಪಿಎಸ್‌ನಂತೆ ಸ್ಥಾನ ತಿಳಿಸುವ ನಮ್ಮದೇ ನಾವಿಕ್ ಉಪಗ್ರಹಗಳ ಸಂಚರಣಾ ಕೇಂದ್ರ 2013ರಿಂದ ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿದೆ. ಇಷ್ಟೆಲ್ಲ ಇದ್ದೂ ಮೊಬೈಲ್ ಹಿಡಿದು ಅಳೆಯುವ ಹುಡುಗರನ್ನು ಕಂಡೊಡನೆ ಠಾಣೆಗೆ ಕರೆಯುವ ಬದಲು ಶಾಲೆಗಳ ಭೂಗೋಳ ಪಾಠದಲ್ಲಿ, ಎನ್‌ಎಸ್‌ಎಸ್ ಶಿಬಿರಗಳಲ್ಲಿ ಆಯಾ ಊರಿನ ಹಳೆಯ ಕಲ್ಲು, ಕಲ್ಯಾಣಿ, ಕೆರೆಯ ತೂಬುಗಳನ್ನು ಮಕ್ಕಳ ಕೈಯಲ್ಲೇ ಗುರುತು ಮಾಡಿಸಿ ಪಂಚಾಯಿತಿಯಲ್ಲಿ ದಾಖಲಿಸಿದರೆ ಕಾವಲಿನ ಕಣ್ಣುಗಳು ಹೆಚ್ಚುತ್ತವೆ. ಭೂಮಾಪನ ಇಲಾಖೆಯ ನಿವೃತ್ತರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಕರೆದರೆ ಬಂದು ಕಲಿಸಲು ನಾನಂತೂ ಸಿದ್ಧ.

ಕೊನೆಯದಾಗಿ ತಮ್ಮಲ್ಲೇ ಒಂದು ವಿನಂತಿ. ಹೊಸ ಶಾಸನ, ವೀರಗಲ್ಲು, ಮಾಸ್ತಿಕಲ್ಲು ಪತ್ತೆಯಾದ ಸುದ್ದಿಗಳನ್ನು ಕನ್ನಡ ಪತ್ರಿಕೆಗಳು ಪ್ರೀತಿಯಿಂದ ಪ್ರಕಟಿಸುತ್ತವೆ. ಅದರಿಂದಲೇ ನನ್ನಂಥವರಿಗೆ ಆಸಕ್ತಿ ಹುಟ್ಟಿದ್ದು. ಆದರೆ ಊರಾಚೆಯ, ಕಾವಲಿಲ್ಲದ ಕಲ್ಲುಗಳ ವಿಷಯದಲ್ಲಿ ಯಾವ ಸರ್ವೆ ನಂಬರು, ಯಾವ ಹೊಲದ ಯಾವ ಮೂಲೆ ಎಂಬ ವಿವರವನ್ನು ಬಿಟ್ಟು, ಕಲ್ಲನ್ನು ಕಾಯಲು ಊರಿನವರು ಏನು ಏರ್ಪಾಡು ಮಾಡಿಕೊಂಡಿದ್ದಾರೆ ಎಂಬುದನ್ನು ಎರಡು ಸಾಲು ಹೆಚ್ಚಿಗೆ ಬರೆಯುವಂತೆ ತಮ್ಮ ವರದಿಗಾರರಿಗೆ ಸೂಚಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ತುಮಕೂರು ಜಿಲ್ಲೆ