ಪಸ್ಕದ ಊಟದ ವಿಚಾರವಾಗಿ

ಪ್ರೀತಿಯ ಮಗಳೇ,

ಯೇಸುವಿನ ಕಡೆಯ ಊಟವನ್ನು ನೆನೆಯುವ ಪವಿತ್ರ ಗುರುವಾರ ಯುವಜನರ ಕೂಟದಲ್ಲಿ, ಐಗುಪ್ತದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬದಲ್ಲಿ ಯೆಹೂದ್ಯರು ಮಾಡುವ ಸೇದರ್ ಊಟ ಏರ್ಪಡಿಸಿ, ಮೂರು ಹುಳಿಯಿಲ್ಲದ ರೊಟ್ಟಿಗಳಲ್ಲಿ ತಂದೆ, ಮಗ, ಪವಿತ್ರಾತ್ಮರ ತ್ರಿಯೇಕತ್ವವನ್ನೂ, ಮುರಿದು ಬಚ್ಚಿಡುವ ನಡುವಣ ರೊಟ್ಟಿಯಲ್ಲಿ ಕ್ರಿಸ್ತನ ದೇಹವನ್ನೂ ವಿವರಿಸುವುದಾಗಿ ಬರೆದಿದ್ದೀಯ. ನಿನ್ನ ಓದಿನ ಹಸಿವು ಕಂಡು ಸಂತೋಷವಾಯಿತು. ಆದರೂ ಆ ಊಟವನ್ನು ಕೈಬಿಡು ಎಂದೇ ಹೇಳುತ್ತೇನೆ.

ಪಸ್ಕದಲ್ಲಿ ಕ್ರಿಸ್ತನನ್ನು ಕಾಣುವುದು ತಪ್ಪಲ್ಲ. ಪೌಲನೇ ಕೊರಿಂಥದವರಿಗೆ ಬರೆಯುವಾಗ ಕ್ರಿಸ್ತನನ್ನು ನಮ್ಮ ಪಸ್ಕದ ಯಜ್ಞವೆಂದೂ, ಎದ್ದುಬಂದ ಪ್ರಥಮಫಲವೆಂದೂ ಕರೆದ. ಪವಿತ್ರಾತ್ಮನು ಇಳಿದದ್ದೂ ಯೆಹೂದ್ಯರ ಪಂಚಾಶತ್ತಮ ಹಬ್ಬದ ದಿನವೇ. ಈ ಹಬ್ಬಗಳನ್ನು ಹೇಳುವ ಯಾಜಕಕಾಂಡದ 23ನೆಯ ಅಧ್ಯಾಯವನ್ನು ಸುವಾರ್ತೆಗಳ ಪಕ್ಕದಲ್ಲಿಟ್ಟು ಎಷ್ಟು ಬೇಕಾದರೂ ಓದು.

ಸೇದರಿನ ಮಾತು ಬೇರೆ. ಯೇಸುವಿನ ಕಾಲದಲ್ಲಿ ಪಸ್ಕದ ಕುರಿಮರಿಯನ್ನು ದೇವಾಲಯದಲ್ಲಿ ಕೊಯ್ದು, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪಿನೊಂದಿಗೆ ತಿನ್ನುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ, ಕುರಿಮರಿಯಿಲ್ಲದೆಯೂ ಹಬ್ಬವನ್ನು ಉಳಿಸಿಕೊಳ್ಳಲು ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು ಕಟ್ಟಿದ ಕ್ರಮವೇ ಸೇದರ್. ಸುಮಾರು 200ರ ಹೊತ್ತಿಗೆ ರಬ್ಬಿಗಳ ಬೋಧನೆಗಳ ಸಂಗ್ರಹವಾದ ಮಿಶ್ನಾದಲ್ಲಿ ಅದರ ರೂಪ ಕಾಣುತ್ತದೆ. ರೊಟ್ಟಿ ಬಚ್ಚಿಡುವ ರೂಢಿ ಇನ್ನೂ ಈಚಿನದು. ಯೇಸು ಉಂಡದ್ದು ಇದನ್ನೇ ಎಂದು ಮಕ್ಕಳಿಗೆ ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ ಇದೆ. 2ನೆಯ ಶತಮಾನದಲ್ಲೇ ಸಾರ್ದಿಸಿನ ಬಿಷಪ್ ಮೆಲಿಟೋ ತನ್ನ ಪಸ್ಕದ ಪ್ರಸಂಗದಲ್ಲಿ ಕುರಿಮರಿಯಿಂದ ಕ್ರಿಸ್ತನವರೆಗೆ ಬಹು ಸೊಗಸಾಗಿ ಸಾಗಿ, ಇಸ್ರಾಯೇಲರೇ ದೇವರನ್ನು ಕೊಂದರೆಂಬ ದೂರಿಗೆ ಬಂದು ಮುಟ್ಟುತ್ತಾನೆ. 386-87ರಲ್ಲಿ ಅಂತಿಯೋಕ್ಯದಲ್ಲಿ ಸಭೆಯ ಪ್ರಸಂಗಿ ಯೋಹಾನ ಕ್ರಿಸೊಸ್ತೊಮ್, ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲೆಂದು ಆ ಜನರನ್ನೇ ಹೀನಾಯವಾಗಿ ನಿಂದಿಸಿದ. 1475ರಲ್ಲಿ ಟ್ರೆಂಟ್ ನಗರದಲ್ಲಿ, ಪಸ್ಕಕ್ಕಾಗಿ ಕ್ರೈಸ್ತ ಮಗುವಿನ ರಕ್ತ ತೆಗೆದರೆಂಬ ಕಟ್ಟುಕಥೆಗೆ ಯೆಹೂದ್ಯರು ಪ್ರಾಣ ತೆತ್ತರು. ಇಷ್ಟೆಲ್ಲ ಭಯದ ನಡುವೆಯೂ ಅವರು ಬಿಡದೆ ಕಾಪಾಡಿಕೊಂಡ ಊಟವನ್ನು ಎತ್ತಿ ತಂದು, ಇದರ ಅರ್ಥ ನಿಮಗಿಂತ ನಮಗೇ ಗೊತ್ತು ಎನ್ನಲು ನಮಗೆ ಯಾವ ಮುಖವಿದೆ?

ಯೆಹೂದ್ಯರ ತುತ್ತೂರಿ ಹಬ್ಬದಿಂದ ಕ್ರಿಸ್ತನ ಎರಡನೆಯ ಬರೋಣದ ತಾರೀಖು ಲೆಕ್ಕಹಾಕುವ ವಿಡಿಯೋವನ್ನೂ ಕಳುಹಿಸಿದ್ದೀಯ. ಆ ದಿನ ಮಗನಾದ ಕ್ರಿಸ್ತನಿಗೂ ತಿಳಿಯದೆಂದು ಮಾರ್ಕನ 13ನೆಯ ಅಧ್ಯಾಯದಲ್ಲಿದೆ, ಅದನ್ನು ಬಿಟ್ಟುಬಿಡು.

ಗುರುವಾರ ಕಾಲು ತೊಳೆಯುವ ಆರಾಧನೆಯನ್ನೂ ಕರ್ತನ ಭೋಜನವನ್ನೂ ನಡೆಸಿರಿ. ಅದಕ್ಕೂ ಮುಂಚೆ ವಿಮೋಚನಕಾಂಡದ 12ನೆಯ ಅಧ್ಯಾಯವನ್ನು ಪೂರ್ತಿ ಓದಿಸು. ಐಗುಪ್ತದಲ್ಲಿ ಗುಲಾಮರಾಗಿದ್ದವರ ಬಿಡುಗಡೆಯ ಕಥೆಯಾಗಿಯೇ ಮಕ್ಕಳು ಅದನ್ನು ಮೊದಲು ಕೇಳಲಿ. ಓದುವವರು ಸಿಗದಿದ್ದರೆ ನಾನೇ ಬರುತ್ತೇನೆ, ಆರಾಧನೆಯ ಸಮಯ ತಿಳಿಸು.

ನಿನ್ನ ದೊಡ್ಡಪ್ಪ