52 ವರ್ಗದ ಎಂಜಿನ್ ಕಳಪೆಯೇನಲ್ಲ

ಮಾನ್ಯರೇ,

ಭಾನುವಾರದ ಪುರವಣಿಯ ಉಗಿಬಂಡಿ ಲೇಖನ ಜರ್ಮನಿಯ 52 ವರ್ಗದ ಎಂಜಿನ್ ಅನ್ನು 'ಯುದ್ಧಕ್ಕಾಗಿ ತರಾತುರಿಯಲ್ಲಿ ಮಾಡಿದ ಕಳಪೆ ಯಂತ್ರ' ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ತರಾತುರಿ ನಿಜ. ಕಳಪೆ ಎನ್ನಲು ಮಾತ್ರ ಆಧಾರವಿಲ್ಲ.

ಇದರ ಮೂಲ 1939ರ 50 ವರ್ಗ. ಐದು ಜೋಡಿ ಚಾಲಕ ಚಕ್ರಗಳ ಮೇಲೆ ತೂಕ ಹಂಚಿ, ಪ್ರತಿ ಅಚ್ಚಿನ ಭಾರವನ್ನು ಸುಮಾರು 15 ಟನ್‌ಗೆ ಇಳಿಸಿದ್ದರಿಂದ ದುರ್ಬಲ ಹಳಿಯ ಮೇಲೂ ಅದು ಓಡುತ್ತಿತ್ತು. 1942ರಲ್ಲಿ ಅದನ್ನೇ ಸರಳಗೊಳಿಸಿ 52 ಮಾಡಿದರು. ಸುಮಾರು 6,000 ಬಿಡಿಭಾಗಗಳಲ್ಲಿ 1,000 ಪೂರ್ತಿ ಹೋದವು, ಇನ್ನೂ 3,000ದಷ್ಟನ್ನು ಸುಲಭವಾಗಿ ತಯಾರಿಸುವಂತೆ ಬದಲಿಸಿದರು. ಚಕ್ರ ತಿರುಗಿಸುವ, ಕಡೆದು ತೆಗೆಯುತ್ತಿದ್ದ ರಾಡ್‌ಗಳ ಜಾಗಕ್ಕೆ ತಲೆ ಬೆಸೆದ ರೋಲಿಂಗ್ ಉಕ್ಕಿನ ರಾಡ್‌ಗಳು ಬಂದವು. ಹೊಗೆ ಚಾಲಕನ ಕಣ್ಣಿಗೆ ಅಡ್ಡ ಬಾರದಂತೆ ಮೇಲೆತ್ತುವ ತಗಡುಗಳೂ ಹೋದವು. ಆದರೆ 600 ಮಿ.ಮೀ. ಸಿಲಿಂಡರ್, 1,400 ಮಿ.ಮೀ. ಚಕ್ರ, 16 ಬಾರ್ ಒತ್ತಡ ಹಾಗೇ ಉಳಿದವು. ಎಳೆಯುವ ಶಕ್ತಿ ಅಡಗಿರುವುದು ಅಲ್ಲೇ ತಾನೆ?

ಉಳಿತಾಯ ನಿಜವಾಗಿ ಹೊಡೆತ ಕೊಟ್ಟದ್ದು ಒಂದು ಕಡೆ. ಹೊರಹೋಗುವ ಉಗಿಯಿಂದ ಬಾಯ್ಲರ್ ನೀರನ್ನು ಮೊದಲೇ ಬಿಸಿ ಮಾಡುವ ಹೀಟರ್, ಅದರ ಪಂಪು ಎರಡನ್ನೂ ತೆಗೆದು ಎರಡು ಇಂಜೆಕ್ಟರ್ (ಉಗಿಯ ರಭಸದಿಂದ ನೀರನ್ನು ಬಾಯ್ಲರಿಗೆ ನೂಕುವ ಸಾಧನ) ಇಟ್ಟರು. 1941-42ರ ರಷ್ಯಾದ ಚಳಿಗೆ ಹೊರಗಿನ ಪಂಪು-ಪೈಪುಗಳು ಹೆಪ್ಪುಗಟ್ಟಿ ಒಡೆದಿದ್ದನ್ನು ಕಂಡವರಿಗೆ ಅದು ಸರಿಯೇ ಅನ್ನಿಸಿರಬೇಕು. ಇಂಜೆಕ್ಟರ್ ನೀರನ್ನು ಬಿಸಿ ಮಾಡುವುದು ಬಾಯ್ಲರಿನ ಹೊಸ ಉಗಿಯಿಂದ, ಹೊರಹೋಗುವ ಉಗಿಯ ಶಾಖ ವ್ಯರ್ಥ, ಹಾಗಾಗಿ ಕಲ್ಲಿದ್ದಲು ಖರ್ಚು ಏರಿತು.

ನೀರು ಸಿಗದ ದಾರಿಗಳಿಗೆಂದು ಹೆನ್ಶೆಲ್ ಕಂಪನಿ ಕಟ್ಟಿದ ಕಂಡೆನ್ಸರ್ ಮಾದರಿಯಂತೂ ಸರಳತೆಗೆ ತದ್ವಿರುದ್ಧ. ಬಳಸಿದ ಉಗಿ ಟೆಂಡರ್‌ಗೆ (ಎಂಜಿನ್ ಹಿಂದಿನ ನೀರು-ಕಲ್ಲಿದ್ದಲಿನ ಬಂಡಿ) ಹೋಗಿ ತಣಿದು ಮತ್ತೆ ನೀರಾಗುತ್ತಿತ್ತು. ಉಗಿಯನ್ನು ಚಿಮಣಿಗೆ ಬಿಡುವಂತಿಲ್ಲದ್ದರಿಂದ ಬೆಂಕಿಗೆ ಗಾಳಿ ಎಳೆಯಲು ಟರ್ಬೈನ್ ಫ್ಯಾನ್ ಬೇಕಾಯಿತು. ಬೂದಿ-ಕಿಡಿ ಬಡಿದು ಅದರ ರೆಕ್ಕೆಗಳು ಸವೆಯುತ್ತಿದ್ದವು. ಸಿಲಿಂಡರ್ ಎಣ್ಣೆ ನೀರಿನ ಜೊತೆ ಬಾಯ್ಲರ್ ಸೇರಿದರೆ ತಗಡು ಮಿತಿಮೀರಿ ಕಾಯುತ್ತದೆ, ಅದಕ್ಕೊಂದು ಎಣ್ಣೆ ಸೋಸುವ ಸಾಧನ. ಮರಳಿದ ನೀರು ಬಿಸಿಯಾಗಿರುವುದರಿಂದ ಇಂಜೆಕ್ಟರ್ ಹಿಡಿಯುವುದಿಲ್ಲ. ಬಿಟ್ಟ ಪಂಪು ಮತ್ತೆ ಬೇಕಾಯಿತು! ಲೇಖಕರು ದೂರಬೇಕಿದ್ದರೆ ಈ ಮಾದರಿಯನ್ನು ದೂರಬಹುದಿತ್ತು.

ಒಟ್ಟು 6,000ಕ್ಕೂ ಮಿಕ್ಕಿ ತಯಾರಾದ ಈ ಎಂಜಿನ್‌ಗಳು ಯುದ್ಧ ಮುಗಿದ ಮೇಲೆ ಪೋಲೆಂಡ್, ಸೋವಿಯತ್ ಒಕ್ಕೂಟ, ಟರ್ಕಿ, ಯುಗೊಸ್ಲಾವಿಯಾಗಳಲ್ಲಿ ದಶಕಗಟ್ಟಲೆ ದುಡಿದವು. ಆಸ್ಟ್ರಿಯಾದಲ್ಲಿ 1976ರವರೆಗೂ ಇದ್ದವು. ಬೋಸ್ನಿಯಾದ ತುಜ್ಲಾ ಬಳಿಯ ಕಲ್ಲಿದ್ದಲು ಗಣಿಗಳಲ್ಲಿ ಈ ಶತಮಾನದಲ್ಲೂ ಓಡಿವೆ. ಪೂರ್ವ ಜರ್ಮನಿ 1960ರಿಂದ 1967ರ ನಡುವೆ 200 ಎಂಜಿನ್‌ಗಳಿಗೆ ಹೊಸ ಬಾಯ್ಲರ್ ಕೂಡಿಸಿತು, ಯುದ್ಧಕಾಲದಲ್ಲಿ ಕಿತ್ತಿದ್ದ ನೀರು ಬಿಸಿ ಮಾಡುವ ವ್ಯವಸ್ಥೆಯನ್ನೂ ಹೊಸ ರೂಪದಲ್ಲಿ ಮತ್ತೆ ಅಳವಡಿಸಿತು. ಇವುಗಳ ಸಂಖ್ಯೆ 52 8001ರಿಂದ 52 8200.

ಲೇಖನದೊಂದಿಗೆ '1943ರ ಎಂಜಿನ್' ಎಂದು ಅಚ್ಚಾದ ಚಿತ್ರದಲ್ಲಿ ಕಾಣುವುದು ಇದೇ ಸಾಲಿನ ಸಂಖ್ಯೆ, ಅಂದರೆ ಅದು 1960ರ ದಶಕದಲ್ಲಿ ಮಾರ್ಪಡಿಸಿದ ಎಂಜಿನ್. ಮುಂದಿನ ಸಂಚಿಕೆಯಲ್ಲಿ ಆ ಅಡಿಬರಹವನ್ನಾದರೂ ತಿದ್ದಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ